ಹೊಸ ಬಂಡಿಗೆ ಹಳೆಯ ಬಣ್ಣ

ಹಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಚ್ಚಿ ಹೊಸದರಂತೆ ಬೆಳಗುವುದು ಲೋಕದ ರೂಢಿ. ಗೋಡೆ ಮಾಸಿದರೆ ಸುಣ್ಣ ಹೊಡೆಯಿಸುವೆವು. ಬಾಗಿಲು ಮಂಕಾದರೆ ಎಣ್ಣೆ ಒರಸುವೆವು. ಹೀಗಿರುವಲ್ಲಿ, ಸಾಕಷ್ಟು ಹಣ ತೆತ್ತು ಹೊಚ್ಚಹೊಸ ವಸ್ತುವೊಂದನ್ನು ಕೊಂಡುತಂದು, ಅದೇ ದಿನ ಸಂಜೆ ಅದಕ್ಕೆ ತುಕ್ಕು, ಧೂಳು, ಮಸಿ, ಕೆಸರುಗಳನ್ನು ಬಹು ಶ್ರದ್ಧೆಯಿಂದ ಬಳಿದು, "ಈಗ ಸರಿಯಾಯಿತು" ಎಂದು ಸಂತೋಷಪಡುವ ಜನರೂ ಉಂಟೆಂದರೆ ನಮ್ಮ ವಾಚಕರಲ್ಲಿ ಎಷ್ಟು ಮಂದಿ ನಂಬುವರೋ ಕಾಣೆವು. ನಾವೂ ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ.

ಕಳೆದ ವರ್ಷ ಚಳಿಗಾಲದಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ನೆಲಸಿರುವ ನಮ್ಮ ಅಕ್ಕನ ಮಗನ ಮನೆಗೆ ಹೋಗಿದ್ದೆವು. ಹೊರಗೆ ಮೊಳಕಾಲುದ್ದ ಹಿಮ. ಆತನು ನಮ್ಮನ್ನು ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದನು. ಅಲ್ಲಿ ಗೋಡೆಯ ಸುತ್ತಲೂ ಎದೆಯೆತ್ತರದ ಹಲಗೆಯ ಮೇಲೆ ಸಣ್ಣ ಹಳಿಗಳು. ಹಳಿಗಳ ಮೇಲೆ ಗೇಣಿಗಿಂತಲೂ ಚಿಕ್ಕದಾದ ಗೂಡ್ಸ್ ಬಂಡಿಗಳು. ಅವುಗಳಲ್ಲೊಂದನ್ನು ಕೈಗೆತ್ತಿಕೊಂಡು ನೋಡಿದೆವು. ಛಾವಣಿಯಲ್ಲಿ ಬಣ್ಣ ಸುಲಿದಿತ್ತು, ಬಾಗಿಲಿನ ಕೆಳಗೆ ತುಕ್ಕು ಇಳಿದಿತ್ತು, ಅಕ್ಷರಗಳು ಮಾಸಿದ್ದವು. "ಪಾಪ, ಬಹಳ ಹಳೆಯದೆಂದು ತೋರುತ್ತದೆ. ಗುಜರಿಯಲ್ಲಿ ಸಿಕ್ಕಿತೇನಪ್ಪ?" ಎಂದು ಕೇಳಿದೆವು.

ಆತನು ನಕ್ಕು, "ಇಲ್ಲ ಮಾವ, ಹೋದ ತಿಂಗಳು ಅಂಗಡಿಯಿಂದ ತಂದದ್ದು. ಅದನ್ನು ಇಷ್ಟು ಹಳೆಯದಾಗಿ ಮಾಡಲು ನನಗೆ ಐದು ಸಂಜೆ ಹಿಡಿಯಿತು" ಎಂದನು.

ಈ ವಿದ್ಯೆಗೆ ಆ ನಾಡಿನವರು 'ವೆದರಿಂಗ್' ಎನ್ನುತ್ತಾರೆ. ಬಿಸಿಲು, ಮಳೆ, ಗಾಳಿಗಳು ವರ್ಷಗಟ್ಟಲೆ ಮಾಡುವ ಕೆಲಸವನ್ನು ಕುಂಚದಿಂದ ಕೆಲವು ತಾಸುಗಳಲ್ಲಿ ಮಾಡುವುದೆಂದು ಅದರ ಅರ್ಥ. ನಾವು ಅದನ್ನು 'ಬಂಡಿಯನ್ನು ಮಾಗಿಸುವುದು' ಎಂದು ಕರೆಯೋಣ. ಮೂರು ವಾರ ಆ ನೆಲಮಾಳಿಗೆಯಲ್ಲಿ ಕುಳಿತು ನಾವು ಕಂಡು ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಳತೆಯ ವಿಚಾರ

ಪ್ರತಿಕೃತಿ ರೈಲು ಮಕ್ಕಳ ಆಟಿಕೆಯಲ್ಲ. ಅದರ ಪ್ರತಿಯೊಂದು ಅಂಗಕ್ಕೂ ನಿಯತವಾದ ಅಳತೆಯುಂಟು. ಅಮೆರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಎಚ್.ಓ.' ಎಂಬ ಪ್ರಮಾಣ. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು, ಎಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರು. ಆ ದೇಶದ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲವಾದುದರಿಂದ, ಪ್ರತಿಕೃತಿಯಲ್ಲಿ ಅದು 16.5 ಮಿಲಿಮೀಟರಾಗುವುದು. ನಲವತ್ತು ಅಡಿಯ ಮುಚ್ಚಿದ ಸಾಮಾನು ಬಂಡಿಯು ಸುಮಾರು ಆರು ಅಂಗುಲಕ್ಕಿಳಿಯುವುದು.

ಇಂತಹ ನಿಯಮಗಳು ತಾವಾಗಿ ಹುಟ್ಟಲಿಲ್ಲ. 1934ರ ಜನವರಿಯಲ್ಲಿ ಮಿಲ್ವಾಕಿ ನಗರದಲ್ಲಿ 'ಮಾಡೆಲ್ ರೈಲ್‌ರೋಡರ್' ಎಂಬ ಮಾಸಪತ್ರಿಕೆ ಆರಂಭವಾಯಿತು. ಮರುವರ್ಷ, 1935ರಲ್ಲಿ, ಅದೇ ನಗರದಲ್ಲಿ ಹವ್ಯಾಸಿಗಳೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಒಬ್ಬನ ಬಂಡಿ ಇನ್ನೊಬ್ಬನ ಹಳಿಯ ಮೇಲೆ ತಡೆಯಿಲ್ಲದೆ ಓಡಬೇಕಾದರೆ ಗಾಲಿಯ ಅಂಚು, ಹಳಿಯ ಅಂತರ, ಕೊಂಡಿಯ ಎತ್ತರ ಇವೆಲ್ಲವೂ ಒಂದೇ ಸಮನಾಗಿರಬೇಕಷ್ಟೆ. ಆ ಸಂಘವು ಬಂಡಿಯ ತೂಕಕ್ಕೂ ಒಂದು ಲೆಕ್ಕವನ್ನು ಕೊಟ್ಟಿರುವುದು: ಎಚ್.ಓ. ಬಂಡಿಗೆ ಮೊದಲು ಒಂದು ಔನ್ಸು, ಅನಂತರ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸು. ಆರು ಅಂಗುಲದ ಬಂಡಿಗೆ ನಾಲ್ಕು ಔನ್ಸು, ಎಂದರೆ ಸುಮಾರು 113 ಗ್ರಾಂ. ಇದಕ್ಕಿಂತ ಬಹಳ ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುವುದು. ಆದುದರಿಂದ ಬಣ್ಣದ ಯೋಚನೆಗೆ ಮೊದಲು ಬಂಡಿಯ ಹೊಟ್ಟೆಯೊಳಗೆ ಲೋಹದ ತುಂಡನ್ನು ಅಂಟಿಸಿ ತೂಗಿ ನೋಡುವುದು ಕ್ರಮ.

ಮೊದಲು ಮಸಿ ಬಳಿದವರು

ಹಿಂದಿನ ಕಾಲದ ಹವ್ಯಾಸಿಗಳು ತಮ್ಮ ಬಂಡಿಗಳನ್ನು ಕನ್ನಡಿಯಂತೆ ಹೊಳೆಯಿಸಿ ಇಡುತ್ತಿದ್ದರು. ಈ ಅಭಿರುಚಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯರು ಕ್ಯಾಲಿಫೋರ್ನಿಯದ ಮಾಂಟೆರೆ ಪಟ್ಟಣದ ಜಾನ್ ಆ್ಯಲನ್ (1913–1973). ಅವರ ವೃತ್ತಿ ಛಾಯಾಗ್ರಹಣ. ಬೆಳಕು ನೆರಳುಗಳನ್ನು ಬಲ್ಲ ಕಣ್ಣಿಗೆ ಹೊಳೆಯುವ ಬಂಡಿ ಸುಳ್ಳೆಂದು ತೋರಿದುದು ಸಹಜವೇ. ತಮ್ಮ ಮನೆಯ ಕೆಳಗೆ ಅವರು ಕಟ್ಟಿದ ಪರ್ವತ ರೈಲುಮಾರ್ಗದ ಕಟ್ಟಡಗಳನ್ನೂ ಬಂಡಿಗಳನ್ನೂ ಮಾಸಿ ಸವೆದಂತೆ ಮಾಡಿ, ಅವುಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದಾಗ, ಅದು ಪ್ರತಿಕೃತಿಯೋ ನಿಜವೋ ಎಂದು ನೋಡಿದವರು ಬೆರಗಾದರು. ತಮ್ಮ ಕಂಪೆನಿಗೆ ಅವರಿಟ್ಟ ಹೆಸರು ವಿನೋದವಾದುದು: ಕಾಗದದ ಮೇಲೆ 'ಗೋರ್ ಅಂಡ್ ಡಾಫೆಟಿಡ್' ಎಂದು ಬರೆದರೂ ಬಾಯಿಯಲ್ಲಿ 'ಗೋರಿ ಅಂಡ್ ಡಿಫೀಟೆಡ್' ಎಂದಾಗುವುದು, ಎಂದರೆ 'ರಕ್ತಸಿಕ್ತವಾಗಿ ಸೋತುಹೋದದ್ದು' ಎಂದರ್ಥ.

1973ರ ಜನವರಿಯಲ್ಲಿ ಆ್ಯಲನ್ ಹೃದಯಾಘಾತದಿಂದ ತೀರಿಕೊಂಡರು. ಅನಂತರ ಹತ್ತು ದಿನಗಳಲ್ಲಿಯೇ ಮನೆಗೆ ಬೆಂಕಿ ಬಿದ್ದು ಆ ರೈಲುಮಾರ್ಗದ ಬಹುಭಾಗ ನಾಶವಾಯಿತು. ಇಂದು ಉಳಿದಿರುವುದು ಮುಖ್ಯವಾಗಿ ಅವರು ತೆಗೆದ ಚಿತ್ರಗಳು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಈ ಮಾತಿಗೆ ಮತ್ತೆ ಬರುವೆವು.

ಬಂಡಿಯ ಮೈಯೇ ಅದರ ಚರಿತ್ರೆ

ನಮ್ಮ ಮೊದಲ ಪ್ರಯತ್ನದ ಕಥೆಯನ್ನು ಹೇಳಿಬಿಡುವುದು ಮೇಲು. ಅಳಿಯನು ಕೊಟ್ಟ ಒಂದು ಬಂಡಿಗೆ ನಾವು ಉತ್ಸಾಹದಿಂದ ಸುತ್ತಲೂ ಸಮನಾಗಿ ತುಕ್ಕಿನ ಬಣ್ಣವನ್ನು ಬಳಿದೆವು. ಕುಂಚ ಎತ್ತ ಹೋಯಿತೋ ಅತ್ತ ಗೆರೆ. ಆತನು ನೋಡಿ ಮೆಲ್ಲನೆ, "ಮಾವ, ನಿಮ್ಮ ಊರಿನಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯುತ್ತದೆಯೇ?" ಎಂದನು. ನಾಚಿಕೆಯಾದರೂ ಮಾತು ನಿಜ. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದು. ಧೂಳು ಅಡ್ಡವಾದ ಅಂಚುಗಳ ಮೇಲೆ ನಿಲ್ಲುವುದು. ತುಕ್ಕು ಬಣ್ಣವೊಡೆದ ಕಡೆ, ಮೊಳೆಯ ಸುತ್ತ, ಜೋಡಣೆಯ ಸಂದಿಯಲ್ಲಿ, ಬಾಗಿಲಿನ ಬುಡದಲ್ಲಿ ಹುಟ್ಟುವುದು. ಕಾರಣವಿಲ್ಲದೆ ಬಂಡಿಯ ಮೇಲೆ ಒಂದು ಕಲೆಯೂ ಬೀಳುವುದಿಲ್ಲ. ಇದೇ ಈ ವಿದ್ಯೆಯ ಮೂಲಮಂತ್ರ.

ಅಳಿಯನು ಒಂದೊಂದೇ ಬಂಡಿಯನ್ನು ತೋರಿಸುತ್ತ ಕಾರಣಗಳನ್ನು ವಿವರಿಸಿದನು. ಕಲ್ಲಿದ್ದಲು ಸಾಗಿಸುವ ಬಂಡಿಯ ಒಳಮೈಯಲ್ಲಿ ಬಣ್ಣ ನಿಲ್ಲುವುದಿಲ್ಲ. ಇದ್ದಲು ಉಜ್ಜಿ ಉಜ್ಜಿ ಉಕ್ಕು ಬಯಲಾಗಿ ಕಂದು ತಿರುಗಿರುವುದು. ಸಿಮೆಂಟಿನ ಬಂಡಿಗೆ ಮೇಲಿನ ಮುಚ್ಚಳಗಳಿಂದ ಬೂದುಬಣ್ಣದ ಧಾರೆಗಳು ಇಳಿದಿರುವುವು. ಎಣ್ಣೆಯ ಟ್ಯಾಂಕಿನಲ್ಲಿ ತುಂಬುವ ಬಾಯಿಯಿಂದ ಎರಡು ಪಕ್ಕಗಳಿಗೂ ಕಪ್ಪು ಜಿಡ್ಡು. ಬಂಡಿಯ ಹಿಂದು ಮುಂದಿನ ಗೋಡೆಗಳ ಮೇಲೆ, ಗಾಲಿಗಳ ನೇರಕ್ಕೆ ಸರಿಯಾಗಿ, ಕೆಸರು ಎರಚಿದ ಎರಡು ನಿಲುಗೆರೆಗಳಿರುವುವು. ಛಾವಣಿಗೆ ಸತುವಿನ ಲೇಪವಿದ್ದರೆ ಅದರ ಮೇಲಿನ ಬಣ್ಣ ಹಾಳೆಹಾಳೆಯಾಗಿ ಎದ್ದು ಬೆಳ್ಳಗೆ ಕಾಣುವುದು.

ಗಾಲಿಗಳ ವಿಷಯವೂ ಸ್ವಾರಸ್ಯವಾಗಿದೆ. ಹಳೆಯ ಬಂಡಿಗಳಲ್ಲಿ ಅಚ್ಚಿನ ತುದಿಯ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ನೆನೆದ ನೂಲಿನ ಚಿಂದಿಯನ್ನು ತುರುಕುತ್ತಿದ್ದರು. ಆ ಎಣ್ಣೆ ಸೋರಿ ಗಾಲಿಯ ಮುಖಕ್ಕೆ ಹರಡಿ, ಧೂಳಿನೊಡನೆ ಸೇರಿ ಕಪ್ಪು ರೊಚ್ಚಾಗುತ್ತಿತ್ತು. ಈಚಿನ ರೋಲರ್ ಬೇರಿಂಗಿನ ಬಂಡಿಗಳಲ್ಲಿ ಎಣ್ಣೆ ಸೋರದು. ಗಾಲಿಯ ಮುಖ ಒಣ ತುಕ್ಕಿನ ಬಣ್ಣದ್ದಾಗಿರುವುದು. ಆದರೆ ಎರಡರಲ್ಲಿಯೂ ಹಳಿಯನ್ನು ಮುಟ್ಟುವ ಅಂಚು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿರಬೇಕು.

ಕಾಲವನ್ನೂ ಗಮನಿಸಬೇಕು. 1966ರಿಂದ ಅಮೆರಿಕೆಯ ಹೊಸ ಪೆಟ್ಟಿಗೆಬಂಡಿಗಳಿಗೆ ಛಾವಣಿಯ ಮೇಲಿನ ನಡೆಹಲಗೆಯನ್ನು ಹಾಕುವುದು ನಿಂತಿತು. ಜನ ಅಲ್ಲಿಂದ ಬೀಳುತ್ತಿದ್ದರು. ಆದುದರಿಂದ ನಡೆಹಲಗೆಯಿಲ್ಲದ ಬಂಡಿಯನ್ನು 1950ರ ಉಗಿ ಎಂಜಿನ್ನಿನ ಹಿಂದೆ ಕಟ್ಟಿದರೆ ಬಲ್ಲವರು ನಗುವರು. ಮೈಮೇಲೆ ಬರೆದಿರುವ ನಿರ್ಮಾಣದ ವರ್ಷವನ್ನು ಓದಿ, ತಾನು ತೋರಿಸುವ ವರ್ಷದಲ್ಲಿ ಬಂಡಿಗೆ ಎಷ್ಟು ವಯಸ್ಸಾಗಿತ್ತೆಂದು ಲೆಕ್ಕ ಹಾಕಿ, ಅಷ್ಟಕ್ಕೆ ತಕ್ಕಂತೆ ಮಾಗಿಸುವುದು ಸರಿಯಾದ ಮಾರ್ಗ. ಒಂದು ಗಾಡಿಯಲ್ಲಿ ಕೆಲವು ಹೊಸವು, ಹಲವು ನಡುವಯಸ್ಸಿನವು, ಒಂದೆರಡು ಜೀರ್ಣವಾದುವು ಇರಬೇಕು. ಎಲ್ಲವೂ ಜೀರ್ಣವಾದರೆ ಅದೂ ಸುಳ್ಳೇ.

ನಿವೃತ್ತಿಯಾದರೂ ಕೆಲಸ ಬಿಡದ ಬಂಡಿಗಳು

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುವು ದಾರಿಯ ದುರಸ್ತಿಗೆಂದು ಇರುವ ಬಂಡಿಗಳು. ಊರಿನ ಜನರಿಗೆ ಮೇಲ್ ಗಾಡಿಯ ಪರಿಚಯವುಂಟು. ಆ ದಾರಿಯನ್ನು ಕಾಯುವವರ ಗಾಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಅಮೆರಿಕೆಯಲ್ಲಿ ಸಾಮಾನು ಬಂಡಿಯೊಂದು ಒಂದು ಕಂಪೆನಿಯ ಹಳಿಯಿಂದ ಇನ್ನೊಂದಕ್ಕೆ ಹೋಗಲು ವಯಸ್ಸಿನ ಮಿತಿಯುಂಟು: 1974ರ ಮಧ್ಯಭಾಗಕ್ಕೆ ಮುಂಚೆ ಕಟ್ಟಿದುದಕ್ಕೆ ಸಾಮಾನ್ಯವಾಗಿ 40 ವರ್ಷ, ಅನಂತರದ್ದಕ್ಕೆ 50 ವರ್ಷ. ಹೀಗೆ ಬಾಡಿಗೆ ಸಾಗಣೆಗೆ ಒದಗದ ಮುದಿ ಬಂಡಿಗಳಲ್ಲಿ ಹಲವನ್ನು ಕಂಪೆನಿಗಳು ಮುರಿಯದೆ ಮನೆಯೊಳಗಣ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದುವು. ಗೋಡೆ ಕೊರೆದು ಕಿಟಕಿಯಿಟ್ಟು, ಛಾವಣಿಗೆ ಒಲೆಯ ಹೊಗೆಕೊಳವೆ ಹಾಕಿ, ಕೆಲಸಗಾರರು ಮಲಗುವ ಡಬ್ಬಿ, ಅಡಿಗೆಯ ಡಬ್ಬಿ, ಆಯುಧಗಳ ಡಬ್ಬಿ ಎಂದು ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ, ಸೈನಿಕರಿಗಾಗಿ ಕಟ್ಟಿದ ಮಲಗುವ ಬಂಡಿಗಳಲ್ಲಿ ಎಷ್ಟೋ ಯುದ್ಧಾನಂತರ ಈ ಕೆಲಸಕ್ಕೇ ಬಂದುವು. ಉಗಿ ಎಂಜಿನ್ನುಗಳು ಹೋದ ಮೇಲೆ ಅವುಗಳ ಹಿಂದಿದ್ದ ಟೆಂಡರುಗಳು ನೀರಿನ ಬಂಡಿಗಳಾಗಿ ಉಳಿದುವು. ಬಾಡಿಗೆ ಬಂಡಿಗಳೊಡನೆ ಬೆರೆಯದಿರಲೆಂದು ಇವಕ್ಕೆ ಬೂದು, ಬೆಳ್ಳಿ ಮುಂತಾದ ಬೇರೆ ಬಣ್ಣ ಬಳಿಯುವ ವಾಡಿಕೆ ಹಲವು ಕಂಪೆನಿಗಳಲ್ಲಿತ್ತು. ಹಳೆಯ ಬಣ್ಣವನ್ನು ಕೆರೆಯದೆ ಹೊಸತನ್ನು ಬಳಿದುದರಿಂದ, ಮೇಲಿನ ಪೊರೆ ಸುಲಿದ ಕಡೆ ಕೆಳಗಿನ ಹಳೆಯ ಕಂಪೆನಿಯ ಹೆಸರು ಇಣಿಕುತ್ತಿತ್ತು. ಇದನ್ನು ಆರು ಅಂಗುಲದ ಬಂಡಿಯ ಮೇಲೆ ತೋರಿಸುವುದು ಈ ಕಲೆಯ ಉನ್ನತ ಪರೀಕ್ಷೆಗಳಲ್ಲೊಂದು.

ಇವುಗಳೊಡನೆ ಯಂತ್ರಗಳೂ ಉಂಟು. ಬಿದ್ದ ಎಂಜಿನ್ನನ್ನು ಎತ್ತುವ ಕ್ರೇನುಗಳಲ್ಲಿ ದೊಡ್ಡವು 250 ಟನ್ನಿನವರೆಗೆ ಎತ್ತುವಂಥವು. ಅವುಗಳ ಉದ್ದನೆಯ ತೋಳಿಗೆ ಆಸರೆಯಾಗಿ ಮುಂದೆ ಒಂದು ಚಪ್ಪಟೆ ಬಂಡಿಯನ್ನು ಕಟ್ಟಲೇಬೇಕು. ಜೋರ್ಡನ್ ಸ್ಪ್ರೆಡರ್ ಎಂಬುದು ಎರಡು ಪಕ್ಕಕ್ಕೂ ರೆಕ್ಕೆ ಚಾಚಿ ಜಲ್ಲಿಯನ್ನು ಹರಡಿ, ಚರಂಡಿಯನ್ನು ಸವರಿ, ಹಿಮವನ್ನೂ ತಳ್ಳುವುದು. ಹಿಮದ ನೇಗಿಲು ತಾನಾಗಿ ಓಡದು. ಹಿಂದಿನಿಂದ ಎಂಜಿನ್ನುಗಳು ನೂಕಬೇಕು. ತಿರುಗುವ ಚಕ್ರದಿಂದ ಹಿಮವನ್ನು ಕೊರೆದೆಸೆಯುವ ನೇಗಿಲನ್ನು 1869ರಲ್ಲಿ ಮೊದಲು ಕಲ್ಪಿಸಿದವರು ಕೆನಡಾದ ಟೊರಾಂಟೊ ನಗರದ ಎಲಿಯಟ್ ಎಂಬ ದಂತವೈದ್ಯರು! ಅದು 1880ರ ದಶಕದಲ್ಲಿ ಬಳಕೆಗೆ ಬಂದಿತು. ಇಂತಹ ಯಂತ್ರಗಳ ಮೈಮೇಲೆ ಹಲ್ಲುಚಕ್ರಗಳ ಬಳಿ ಕಪ್ಪು ಜಿಡ್ಡು, ನೇಗಿಲಿನ ಅಲಗಿನಲ್ಲಿ ಉಜ್ಜಿದ ಉಕ್ಕಿನ ಹೊಳಪು, ಕೆಲಸಗಾರರು ಹತ್ತುವ ಮೆಟ್ಟಿಲುಗಳಲ್ಲಿ ಸವೆದ ಬಣ್ಣ ಇವನ್ನು ಕಾಣಿಸಬೇಕು.

ಕೆಲಸದ ಕ್ರಮ

ಬೇಕಾಗುವ ಸಾಮಗ್ರಿ ಬಹಳವಿಲ್ಲ. ಎರಡು ಮೂರು ಕುಂಚ, ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ಕಪ್ಪು ಇಂಡಿಯನ್ ಇಂಕು, ಒರಸುವ ಮದ್ಯಸಾರ, ಬಣ್ಣದ ಸೀಮೆಸುಣ್ಣ, ಹೊಳಪಿಲ್ಲದ ವಾರ್ನಿಷು, ಹಳೆಯ ಬಟ್ಟೆ ಇಷ್ಟಾದರೆ ಸಾಕು.

ಮೊದಲನೆಯದಾಗಿ, ಬಂಡಿಯನ್ನು ಸಾಬೂನು ನೀರಿನಲ್ಲಿ ತೊಳೆದು ಆರಿಸತಕ್ಕದ್ದು. ಕೈಜಿಡ್ಡಿನ ಮೇಲೆ ಬಣ್ಣ ಹಿಡಿಯದು. ಎರಡನೆಯದಾಗಿ, ಬಿಳಿಯ ಅಥವಾ ಬೂದುಬಣ್ಣವನ್ನು ಬಹಳ ತೆಳುವಾಗಿ ಕಲಸಿ ಮೈಯೆಲ್ಲ ಸವರಿದರೆ ಬಿಸಿಲಿಗೆ ಮಂಕಾದಂತೆ ಕಾಣುವುದು. ಮೂರನೆಯದಾಗಿ, ಒಂದು ಬಟ್ಟಲು ಮದ್ಯಸಾರಕ್ಕೆ ಇಂಕಿನ ಕೆಲವು ತೊಟ್ಟುಗಳನ್ನು ಬೆರಸಿ ಮೇಲಿನಿಂದ ಕೆಳಕ್ಕೆ ಹಚ್ಚಬೇಕು. ಅದು ತಾನಾಗಿ ಸಂದಿಗಳಲ್ಲಿ ನಿಂತು ಕೊಳೆಯನ್ನು ತೋರಿಸುವುದು. ನಾಲ್ಕನೆಯದಾಗಿ, ತಿಳಿಬಣ್ಣದಲ್ಲದ್ದಿದ ಕುಂಚವನ್ನು ಬಟ್ಟೆಗೆ ಒರಸಿ, ಬಹುಮಟ್ಟಿಗೆ ಒಣಗಿದ ಮೇಲೆ ಮೊಳೆ ಏಣುಗಳ ಮೇಲೆ ತೇಲಿಸಿದರೆ ಅವು ಎದ್ದು ಕಾಣುವುವು.

ಐದನೆಯದು ತುಕ್ಕು. ಹೊಸ ತುಕ್ಕು ಕಿತ್ತಳೆ, ಹಳೆಯದು ಕಡುಗಂದು. ನಡುವೆ ಕಡುಗಂದು ಇಟ್ಟು ಅಂಚಿಗೆ ಮಾತ್ರ ಕಿತ್ತಳೆಯನ್ನು ತಾಗಿಸಬೇಕು. ಬಣ್ಣ ಸುಲಿದಂತೆ ಮಾಡಲು ಅಡಿಗೆಮನೆಯ ಉಪ್ಪು ಸಾಕು. ಮೊದಲು ತುಕ್ಕಿನ ಬಣ್ಣ ಬಳಿದು, ಆರಿದ ಮೇಲೆ ತೇವ ಮಾಡಿ, ಅಲ್ಲಲ್ಲಿ ಉಪ್ಪನ್ನು ಉದುರಿಸಿ, ಅದು ಒಣಗಿದ ಬಳಿಕ ಬಂಡಿಯ ನಿಜವಾದ ಬಣ್ಣವನ್ನು ಸಿಂಪಡಿಸುವುದು; ಮರುದಿನ ಉಪ್ಪನ್ನು ಉಜ್ಜಿ ತೆಗೆದರೆ ಕೆಳಗಿನ ತುಕ್ಕು ಇಣಿಕುವುದು.

ಕೊನೆಯದು ಧೂಳು. ಸೀಮೆಸುಣ್ಣವನ್ನು ಕೆರೆದು ಪುಡಿಮಾಡಿ ಮೆದು ಕುಂಚದಿಂದ ಹಚ್ಚುವುದು. ಇಲ್ಲಿ ನಮ್ಮ ಗೃಹಿಣಿಯರಿಗೆ ಅನುಕೂಲವೊಂದುಂಟು. ಆ ನಾಡಿನವರು ಸಣ್ಣ ಸೀಸೆಗಳಲ್ಲಿ ಕೊಂಡುತರುವ ತುಕ್ಕಿನ ಪುಡಿಯೂ, ನಾವು ರಂಗೋಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣೂ ಕಬ್ಬಿಣದ ತುಕ್ಕಿನ ಜಾತಿಯವೇ. ನುಣ್ಣಗೆ ವಸ್ತ್ರಗಾಳಿಸಿದರೆ ಅದೇ ಸಾಕು. ದೀಪದ ಮಸಿ ಎಂಜಿನ್ನಿನ ಹೊಗೆಗೂ, ಒಲೆಯ ಬೂದಿ ಸಿಮೆಂಟಿನ ಧೂಳಿಗೂ ಒದಗುವುವು.

ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಸಿಂಪಡಿಸಿದರೆ ಪುಡಿ ನಿಲ್ಲುವುದು. ವಾರ್ನಿಷು ತಗುಲಿದೊಡನೆ ಪುಡಿಯ ಬಣ್ಣ ಅರ್ಧಕ್ಕೆ ಇಳಿಯುವುದಾದುದರಿಂದ ಮೊದಲೇ ತುಸು ಹೆಚ್ಚಾಗಿ ಹಚ್ಚಿರಬೇಕು.

ಎಚ್ಚರಿಕೆಯ ಮಾತುಗಳು

ವಾರ್ನಿಷಿನ ಮೇಲೆ ಮದ್ಯಸಾರದ ನೀರನ್ನು ಹಚ್ಚಿದರೆ ಕೆಲವು ಬಗೆಯ ವಾರ್ನಿಷುಗಳು ಬೆಳ್ಳಗೆ ಬೂಷ್ಟು ಬಂದಂತಾಗುವುವು. ನಮಗೂ ಹಾಗಾಗಿ ಎದೆ ಧಸಕ್ಕೆಂದಿತು. ಮತ್ತೊಮ್ಮೆ ವಾರ್ನಿಷು ಸಿಂಪಡಿಸಿದಾಗ ಬಿಳುಪು ಮಾಯವಾಯಿತು. ಗಾಲಿಯ ಅಂಚಿಗೆ ಬಣ್ಣ ತಾಗಿದರೆ ಹಳಿಯೆಲ್ಲ ಕೊಳೆಯಾಗಿ ಎಂಜಿನ್ನಿಗೆ ವಿದ್ಯುತ್ತು ಸರಿಯಾಗಿ ದೊರೆಯದು. ಕೊಂಡಿಗೂ ಅಚ್ಚಿನ ತುದಿಗೂ ಪುಡಿ ಹೋಗಬಾರದು. ಸಿಂಪಡಿಸುವ ಕೆಲಸವನ್ನು ಕಿಟಕಿ ತೆರೆದು, ಬಾಯಿ ಮೂಗುಗಳಿಗೆ ಮುಸುಕು ಹಾಕಿಕೊಂಡು, ಒಲೆ ದೀಪಗಳಿಂದ ದೂರದಲ್ಲಿ ಮಾಡತಕ್ಕದ್ದು. ಸಣ್ಣ ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಕೆನಿಸುವುದಕ್ಕೆ ಸ್ವಲ್ಪ ಮೊದಲೇ ಕುಂಚವನ್ನು ಕೆಳಗಿಡಬೇಕು.

ಉಪ್ಪಿನ ಬಂಡಿ

ನಾವು ಹೊರಡುವುದಕ್ಕೆ ಒಂದು ವಾರ ಮುಂಚೆ ಅಳಿಯನು ಒಂದು ಪ್ರಶ್ನೆ ಕೇಳಿದನು. ನಮ್ಮ ತೀರ್ಥರೂಪರು, ಎಂದರೆ ಆತನ ತಾತಂದಿರು, ಮೀಟರ್‌ಗೇಜ್ ದಾರಿಯ ಒಂದು ಸಣ್ಣ ಊರಿನಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಅಲ್ಲಿಗೆ ಬರುತ್ತಿದ್ದಂತಹ ಒಂದು ನಾಲ್ಕುಗಾಲಿಯ ಗೂಡ್ಸ್ ಬಂಡಿಯನ್ನು ಮಾಡಬೇಕೆಂದು ಆತನ ಆಸೆ. ಸ್ವಿಟ್ಸರ್ಲೆಂಡಿನಲ್ಲಿ ಮೀಟರ್‌ಗೇಜ್ ದಾರಿಗಳಿರುವುದರಿಂದ ಅದಕ್ಕೊಪ್ಪುವ 12 ಮಿಲಿಮೀಟರಿನ ಸಣ್ಣ ಹಳಿ ಅಂಗಡಿಯಲ್ಲಿ ದೊರೆಯುವುದಂತೆ. "ಮಾವ, ನೀವು ದಿನವೂ ನೋಡಿದವರು. ಛಾವಣಿ ಯಾವ ಬಣ್ಣದ್ದಾಗಿತ್ತು? ತುಕ್ಕು ಎಲ್ಲಿ ಹಿಡಿಯುತ್ತಿತ್ತು?" ಎಂದನು.

ಉತ್ತರ ಹೊರಡಲಿಲ್ಲ. ಆ ಬಂಡಿಗಳ ನೆರಳಿನಲ್ಲಿ ಗೋಲಿಯಾಡಿದವರು ನಾವು. ಆದರೆ ಛಾವಣಿಯನ್ನು ನೋಡಿರಲೇ ಇಲ್ಲ. ಮನೆಯಲ್ಲಿರುವ ಹಳೆಯ ಚಿತ್ರಗಳನ್ನೆಲ್ಲ ಜ್ಞಾಪಿಸಿಕೊಂಡೆವು. ಮದುವೆಯವು, ಮುಂಜಿಯವು, ಹೂಮಾಲೆ ಹಾಕಿದ ಎಂಜಿನ್ನಿನ ಮುಂದೆ ನಿಂತ ಅಧಿಕಾರಿಗಳವು. ಗೂಡ್ಸ್ ಬಂಡಿಯದು ಒಂದೂ ಇಲ್ಲ. ಕರ್ನಾಟಕದ ಮೀಟರ್‌ಗೇಜ್ ದಾರಿಗಳು 1990ರ ದಶಕದಿಂದೀಚೆಗೆ ಅಗಲ ಹಳಿಗೆ ಬದಲಾದುವು. ಆ ಬಂಡಿಗಳೂ ಕಣ್ಮರೆಯಾದುವು. ತುಂಬ ಹೊತ್ತಾದ ಮೇಲೆ ಒಂದು ಮಾತ್ರ ನೆನಪಾಯಿತು: ಉಪ್ಪಿನ ಮೂಟೆಗಳು ಬರುತ್ತಿದ್ದ ಬಂಡಿಗಳ ಬಾಗಿಲಿನ ಕೆಳಗೆ ಉಪ್ಪು ತಿಂದು ಕಬ್ಬಿಣ ಹೊಪ್ಪಳಿಕೆ ಎದ್ದಿರುತ್ತಿತ್ತು. ಅಷ್ಟನ್ನೇ ಹೇಳಿದೆವು.

ಆತನು ಆರು ರಾತ್ರಿ ಕೆಲಸ ಮಾಡಿ ಆ ಉಪ್ಪಿನ ಬಂಡಿಯನ್ನು ಮುಗಿಸಿದನು. ನೆಲಮಾಳಿಗೆಯ ಕಡೆ ಎಂದೂ ಸುಳಿಯದ ನಮ್ಮ ಅಕ್ಕ ಅಂದು ಕಾಫಿ ತಂದವಳು ಬಂಡಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, "ಬಾಗಿಲ ಪಕ್ಕದಲ್ಲಿ ಅಪ್ಪ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದರಲ್ಲ, ಅದೆಲ್ಲಿ?" ಎಂದಳು.

ನಮ್ಮಿಬ್ಬರಿಗೂ ಮಾತು ಬರಲಿಲ್ಲ. ಅಳಿಯನು ಚೂಪಾದ ಬಿಳಿಯ ಪೆನ್ಸಿಲನ್ನು ಅವಳ ಕೈಗೇ ಕೊಟ್ಟನು. ಎಪ್ಪತ್ತು ದಾಟಿದ ನಡುಗುವ ಕೈಯಿಂದ ಅವಳು ಅಕ್ಕಿಕಾಳಿನಷ್ಟು ಎರಡು ಅಕ್ಷರಗಳನ್ನು ಬರೆದಳು. ಬಂಡಿಗೆ ಅದುವರೆಗೆ ಇದ್ದುದು ಬಣ್ಣ; ಆ ಹೊತ್ತಿಗೆ ಅದಕ್ಕೆ ಊರು ಬಂದಿತು.

ಹೊಸದಕ್ಕೇಕೆ ಕೊಳೆ ಬಳಿಯಬೇಕೆಂಬ ಪ್ರಶ್ನೆಗೆ ನಮಗೆ ದೊರೆತ ಉತ್ತರ ಇದು. ಹೊಳಪು ಕಾರ್ಖಾನೆಯದು, ಕಲೆ ಮಾತ್ರ ದುಡಿದವರದು. ಜಾನ್ ಆ್ಯಲನ್ನರ ಪರ್ವತಗಳು ಬೆಂಕಿಯಲ್ಲಿ ಹೋದರೂ ಚಿತ್ರಗಳಿದ್ದುದರಿಂದ ಇಂದಿಗೂ ಜನ ಅವನ್ನು ಬಲ್ಲರು. ನಮ್ಮ ತಂದೆಯವರ ಸ್ಟೇಷನ್ನಿನ ಬಂಡಿಗೆ ಇಬ್ಬರು ಮುದುಕರ ಜ್ಞಾಪಕವಲ್ಲದೆ ಬೇರೆ ಆಧಾರವಿಲ್ಲ. ವಾಚಕರ ಮನೆಗಳಲ್ಲಿ ರೈಲಿನಲ್ಲಿಯೋ, ಗಿರಣಿಯಲ್ಲಿಯೋ, ಬಂದರಿನಲ್ಲಿಯೋ ದುಡಿದ ಹಿರಿಯರಿದ್ದರೆ ಇಂದೇ ಅವರ ಬಳಿ ಕುಳಿತು ಕೇಳಿರಿ: ಗೋಡೆ ಯಾವ ಬಣ್ಣ, ತುಕ್ಕು ಎಲ್ಲಿ, ಸೀಮೆಸುಣ್ಣದಲ್ಲಿ ಬರೆಯುತ್ತಿದ್ದುದೇನು. ಬರೆದಿಟ್ಟುಕೊಳ್ಳಿರಿ. ಹಬ್ಬದ ಚಿತ್ರಗಳೊಡನೆ ಮಾಮೂಲು ದಿನದ ಮಾಮೂಲು ವಸ್ತುವಿನದೂ ಒಂದು ಚಿತ್ರವಿರಲಿ. ಮುಂದೆ ಯಾವ ಮಗು ಯಾವ ಪ್ರಶ್ನೆ ಕೇಳುವುದೋ ಬಲ್ಲವರಾರು?